ಕಲ್ಲಿನ ಮೇಲೆ ಬಿದ್ದರೂ ಕದಲದ ಗುರಿ

ಕಾಡಿನ ಗಸ್ತಿಗೆ ಹೊರಟವರ ಧೈರ್ಯದ ಬಗ್ಗೆ ಭಾಷಣಗಳಾಗುತ್ತವೆ, ಹಾರಗಳು ಬೀಳುತ್ತವೆ, ಪತ್ರಿಕೆಗಳಲ್ಲಿ ಚಿತ್ರಗಳು ಬರುತ್ತವೆ. ಅವರ ಹೆಗಲ ಮೇಲಿನ ರೈಫಲನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಗುರಿ ಹೊಂದಿಸಿ ಕೊಟ್ಟವರತ್ತ ಮಾತ್ರ ಯಾರ ಕಣ್ಣೂ ಹಾಯುವುದಿಲ್ಲ. ಅರಣ್ಯ ರಕ್ಷಣಾ ದಳದ ಮುಖ್ಯ ಶಸ್ತ್ರಪಾಲಕರಾಗಿ ನಿವೃತ್ತರಾದ, ಇಡೀ ದಳಕ್ಕೆ 'ಮಾವ' ಆಗಿರುವ ಹಿರಿಯರ ವಿಷಯದಲ್ಲಿ ಆ ಲೋಪವನ್ನು ಈ ಅಭಿನಂದನಾ ಸಂಪುಟ ಸ್ವಲ್ಪವಾದರೂ ಸರಿಪಡಿಸಲಿ. ದಳಪತಿಗಳು ಕೂಡ ಸಭೆಯಲ್ಲಿ 'ಶಸ್ತ್ರಪಾಲಕರೇ' ಎನ್ನುವರು, ಸಭೆ ಮುಗಿದ ಕೂಡಲೇ 'ಮಾವ, ಬನ್ನಿ ಚಹಾ ಕುಡಿಯೋಣ' ಎನ್ನುವರು.

ತಾಂತ್ರಿಕ ಶಾಲೆಯಲ್ಲಿ ಲೋಹಗಳ ಪಾಠ ಓದಿ ತರುಣರಾಗಿ ಬಂದ ಅವರಿಗೆ ದಳ ಕೊಟ್ಟದ್ದು ಕಟ್ಟಡದ ಹಿಂಬದಿಯಲ್ಲಿ, ಒಂದೇ ಕಿಟಕಿಯ ಉದ್ದನೆಯ ಕೋಣೆ. ಅದೇ ಕಾರ್ಯಾಗಾರ. ಮೇಜಿನ ಮೇಲೆ ಹಿಡಿಗರಗಸ, ಅರಗಳು, ಹಳೆಯ ಹತ್ತಿಬಟ್ಟೆಯ ರಾಶಿ. ಬಂದ ಹೊಸದರಲ್ಲೇ ಅವರೊಂದು ಪದ್ಧತಿ ತಂದರು. ರೈಫಲ್ ಕೈಜಾರಿ ಬಿತ್ತೆಂದು ಬಂದು ಹೇಳಿದವರಿಗೆ ಬೈಗುಳವಿಲ್ಲ, ಚಹಾ. ಮೇಲಿನವರು ಹುಬ್ಬೇರಿಸಿದರು. "ಬೈದ್ರೆ ಮುಚ್ಚಿಡ್ತಾರೆ ಸಾರ್. ಮುಚ್ಚಿಟ್ಟ ರೈಫಲ್ ಕಾಡಲ್ಲಿ ಕೈ ಕೊಡುತ್ತೆ" ಎಂದು ಮಾವ ಉತ್ತರಿಸಿದ್ದರು. ಬಂಡೆಯಿಂದ ಜಾರಿದವರು, ಜೀಪಿನಿಂದ ಬೀಳಿಸಿದವರು, ತೂಕಡಿಸಿ ಕೈಬಿಟ್ಟವರು ಎಲ್ಲರೂ ಚಹಾದ ಲೋಟ ಹಿಡಿದು ನಡೆದದ್ದನ್ನು ನಡೆದಂತೆಯೇ ಹೇಳಿದರು. ರೈಫಲ್ ಹೇಗೆ ಬೀಳುತ್ತದೆ, ಎಲ್ಲಿ ಏಟು ತಿನ್ನುತ್ತದೆ ಎಂಬ ಜ್ಞಾನ ಮಾವನಿಗೆ ಹೀಗೆ ದಕ್ಕಿತು.

ಅದರಿಂದಲೇ ಹುಟ್ಟಿದ್ದು ಅವರ ಬೀಳಿಸುವ ಚಾಳಿ. ಯಾವ ಬಿಡಿಭಾಗ ಬಂದರೂ ಅದನ್ನು ರೈಫಲಿಗೆ ಜೋಡಿಸಿ, ಹೆಗಲೆತ್ತರದಿಂದ ಅಂಗಳದ ಕಲ್ಲುಹಾಸಿನ ಮೇಲೆ ಬೀಳಿಸಿ, ಮತ್ತೆ ಗುಂಡು ಹಾರಿಸಿ ನೋಡಿದ ಹೊರತು ಅವರು ಒಪ್ಪುತ್ತಿರಲಿಲ್ಲ. ಶಾಲಾ ಶಿಕ್ಷಕಿಯಾದ ಅವರ ಪತ್ನಿ ನಮ್ಮೆದುರೇ ಹಾಸ್ಯ ಮಾಡುವರು: "ಪಾತ್ರೆ ಅಂಗಡಿಗೆ ಇವರನ್ನ ಕರ್ಕೊಂಡು ಹೋಗೋ ಹಾಗಿಲ್ಲ ಕಣ್ರೀ. ಕುಕ್ಕರ್ ಎತ್ತಿದ್ರು ಅಂದ್ರೆ ಅಂಗಡಿಯವನು ಓಡಿ ಬರ್ತಾನೆ." ಮಾವ ಮೀಸೆಯಡಿ ನಗುವರು.

ಅವರ ಸೇವೆಯ ಕೊನೆಯ ವರ್ಷಗಳಲ್ಲಿ ದಳಕ್ಕೆ ಹೊಸ ರೈಫಲ್‌ಗಳು ಬಂದವು. ಪ್ರತಿಯೊಂದರ ಮೇಲೂ ದೂರದ್ದನ್ನು ಹತ್ತಿರ ತೋರುವ ಸ್ಕೋಪ್. ಗಾಜು ಒಡೆದರೆ, ಮಂಜು ಹಿಡಿದರೆ ಗತಿಯೇನು? ಆಗ ಕೈಹಿಡಿಯಲು ಐರನ್ ಸೈಟ್ ಬೇಕು. ನಳಿಕೆಯ ತುದಿಯಲ್ಲೊಂದು ಕಡ್ಡಿ, ಕಣ್ಣಿನ ಹತ್ತಿರ ಒಂದು ತೂತು, ಎರಡನ್ನೂ ಒಂದೇ ಗೆರೆಗೆ ತಂದರೆ ಗುರಿ. ಸಾಧನ ಇಷ್ಟೇ. ಆದರೆ ಅದರ ಆಯ್ಕೆಗೆ ನಮ್ಮ ಕಾರ್ಯಾಗಾರದ ಅಳಿವು ಉಳಿವು ತಳಕು ಹಾಕಿಕೊಂಡಿತು. ಕೇಂದ್ರ ಕಚೇರಿಯವರು ಹಗುರವಾದ, ಮಡಚುವ ಪ್ಲಾಸ್ಟಿಕ್ ಸೈಟನ್ನು ಮೆಚ್ಚಿದ್ದರು. ಮಾವ ಅದನ್ನು ಒಪ್ಪದೆ, ಬೇರೆಯದನ್ನು ತಾವೇ ಆರಿಸಿ ಕೊಡುವುದಾಗಿ ಹೇಳಿದರು. ಮಾವನ ಆಯ್ಕೆ ಪರೀಕ್ಷೆಯಲ್ಲಿ ಅದಕ್ಕಿಂತ ಮೇಲೆನಿಸದಿದ್ದರೆ ಕಾರ್ಯಾಗಾರ ಮುಚ್ಚಿ, ದುರಸ್ತಿಯನ್ನು ಹೊರಗಿನವರಿಗೆ ಒಪ್ಪಿಸಿ, ಅಲ್ಲಿದ್ದವರನ್ನೆಲ್ಲ ಮೂಲೆಗೊಬ್ಬರಂತೆ ವರ್ಗ ಮಾಡುವುದೆಂದು ತೀರ್ಮಾನವಾಯಿತು.

ಮಾವ ತಿಂಗಳುಗಟ್ಟಲೆ ಅದರಲ್ಲೇ ಮುಳುಗಿದರು. ಸೈಟ್ ಆರಿಸುತ್ತಿದ್ದಾರೆಂದು ಕೇಳಿದ ಅವರ ಷಡ್ಡಕರು 'ಯಾವ ಬಡಾವಣೆಯಲ್ಲಿ?' ಎಂದು ಸಡಗರದಿಂದ ವಿಚಾರಿಸಿಕೊಂಡು ಹೋದರಂತೆ. ಕೊನೆಗೆ ಉಕ್ಕಿನ ಒಂದು ಜೋಡಿ ಅವರ ಮನಸ್ಸಿಗೆ ಬಂತು. ಮೊನೆ ಮುಂದಾಗಿ ಬಿದ್ದರೂ ಕಡ್ಡಿ ಬಾಗದಂತೆ ಎರಡೂ ಬದಿಗೆ ದಪ್ಪ ಕಿವಿಗಳಿದ್ದವು. ತೂತೋ ಸೂಜಿಯ ಕಣ್ಣಿನಷ್ಟು ಸಣ್ಣದು, ಅಷ್ಟೇ ನಿಖರ. ಕಲ್ಲಿನ ಮೇಲೆ ಎಷ್ಟು ಬೀಳಿಸಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಮಾವ ಗೆದ್ದಾಯಿತೆಂದೇ ನಾವೆಲ್ಲ ತಿಳಿದೆವು.

ಕಾರ್ಯಾಗಾರದಲ್ಲಿ ಅವರ ಕೈಕೆಳಗೆ ಕಲಿತು, ದಳದ ಮೊದಲ ಗುರಿಕಾರ್ತಿಯೂ ಆದ ಹೆಣ್ಣುಮಗಳೊಬ್ಬಳಿದ್ದಳು. ಮುಸ್ಸಂಜೆ ಗಸ್ತಿಗೆ ಆ ಸೈಟಿದ್ದ ರೈಫಲ್ ಒಯ್ದವಳು ಮರುದಿನ ಅಳುಕುತ್ತ ಬಂದಳು. "ಮಾವ, ಬೇಜಾರು ಮಾಡ್ಕೋಬೇಡಿ. ಬೆಳಕು ಕಮ್ಮಿ ಆದ್ಮೇಲೆ ಆ ತೂತಲ್ಲಿ ಏನೂ ಕಾಣಲ್ಲ. ಬರೀ ಕತ್ತಲೆ."

ಮಾವ ಕಕ್ಕಾಬಿಕ್ಕಿಯಾದರು. ಅಷ್ಟು ದಿನದ ಪರೀಕ್ಷೆಯೆಲ್ಲ ಅಂಗಳದಲ್ಲಿ, ಸುಡುಬಿಸಿಲಿನಲ್ಲಿ ನಡೆದಿತ್ತು. ಕಬ್ಬಿಣವನ್ನು ಬೀಳಿಸಿ ನೋಡಿದವರು ಕಣ್ಣನ್ನು ಪರೀಕ್ಷಿಸುವುದನ್ನೇ ಮರೆತಿದ್ದರು. ಕೇಂದ್ರ ಕಚೇರಿಯ ಪರೀಕ್ಷೆಗೆ ಉಳಿದಿದ್ದು ಬೆರಳೆಣಿಕೆಯ ದಿನ. ಬೇರೆಯವರಾಗಿದ್ದರೆ ಮಾತು ಮರೆಸಿ ಮುಂದೆ ಹೋಗುತ್ತಿದ್ದರು. ಮಾವ ನೇರ ದಳಪತಿಗಳ ಕೋಣೆಗೆ ನಡೆದು, "ಎಡವಿದ್ದೀನಿ ಸಾರ್. ಈ ಹುಡುಗಿ ಹಿಡಿದು ನಿಲ್ಲಿಸಿದ್ಲು" ಎಂದು ಅವಳ ಎದುರಿಗೇ ಹೇಳಿದರು. ಎರಡು ತೂತುಗಳಿರುವ, ಬೆರಳಿನಲ್ಲಿ ಮಗುಚಿದರೆ ಸಣ್ಣದರ ಜಾಗಕ್ಕೆ ದೊಡ್ಡದು ಬರುವ ಉಕ್ಕಿನ ಸೈಟನ್ನು ಹುಡುಕಿ ತರಿಸಿ, ಮತ್ತೆ ಮೊದಲಿನಿಂದ ಬೀಳಿಸತೊಡಗಿದರು. ಈ ಸಲ ಸಂಜೆ ಕೂಡ.

ಪರೀಕ್ಷೆಯ ದಿನ ಮೈದಾನದ ಬದಿಯಲ್ಲಿ ಕೇಂದ್ರ ಕಚೇರಿಯ ಹಿರಿಯ ಅಧಿಕಾರಿಗಳು ಸಾಲಾಗಿ ಕುಳಿತಿದ್ದರು. ಮೊದಲು ರೈಫಲ್‌ಗಳನ್ನು ಬೀಳಿಸಲಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಪ್ಲಾಸ್ಟಿಕ್ ಸೈಟು ಕೂಡ ಅದನ್ನು ತಾಳಿಕೊಂಡಿತು. ಮಾವನ ಮುಖ ಸಪ್ಪಗಾದದ್ದನ್ನು ನಾವು ಕಂಡೆವು. ಆಮೇಲೆ ಬಿಡುವಿಲ್ಲದೆ ಗುಂಡು ಹಾರಿಸುವ ಸರದಿ. ನಳಿಕೆ ಕಾದು ಕೆಂಡವಾಗುತ್ತಿದ್ದಂತೆ ಅದಕ್ಕೆ ಅಂಟಿಕೊಂಡಿದ್ದ ಪ್ಲಾಸ್ಟಿಕ್ಕಿನ ಮುಂದಿನ ಸೈಟು ಮೆತ್ತಗಾಗಿ ಒಂದು ಬದಿಗೆ ವಾಲಿತು. ಅದರ ಗುಂಡುಗಳು ಗುರಿಹಲಗೆಯ ಅಂಚು ಬಿಟ್ಟು ಮಣ್ಣುದಿಬ್ಬ ಸೇರಿದವು. ಉಕ್ಕು ಇದ್ದಲ್ಲೇ ಇತ್ತು. ಹೊತ್ತಿಳಿದು, ಹಲಗೆ ಮಸುಕಾಗುವ ತನಕ ಮಾವನೇ ಪಟ್ಟು ಹಿಡಿದು ಎಲ್ಲರನ್ನೂ ಕೂರಿಸಿಕೊಂಡರು. ಗುರಿಕಾರ್ತಿ ತೂತನ್ನು ಮಗುಚಿ, ಉಸಿರು ಬಿಗಿಹಿಡಿದು ಗುಂಡು ಹಾರಿಸಿದಳು. ಹಲಗೆ ತಂದು ದೀಪದಡಿ ಇಟ್ಟಾಗ ಅವಳ ಗುಂಡುಗಳೆಲ್ಲ ಒಂದು ಅಂಗೈಯ ಅಗಲದೊಳಗೆ ಕೂತಿದ್ದವು!

ಕೇಂದ್ರ ಕಚೇರಿಯ ಹಿರಿಯರು ಎದ್ದು ಬಂದು ಮಾವನ ಕೈ ಕುಲುಕಿದರು. "ಏನು ಬೇಕು ಕೇಳಿ."

"ನಮ್ಮ ಕೋಣೆಗೆ ಬೀಗ ಹಾಕ್ಬೇಡಿ ಸಾರ್. ನಾನು ಹೊರಡೋನು. ಇವರು ಇರ್ಬೇಕು."

ಕಾರ್ಯಾಗಾರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ನೆರೆಯ ದಳಗಳ ರೈಫಲ್‌ಗಳೂ ಈಗ ಇಲ್ಲಿಗೇ ಬರುತ್ತಿವೆ. ಗೋಡೆ ಒಡೆದು ಕೋಣೆಯನ್ನು ದೊಡ್ಡದು ಮಾಡಲಾಗಿದೆ, ಕಿಟಕಿಗಳೂ ಹೆಚ್ಚಿವೆ. ನಮ್ಮ ಎದೆಯುಬ್ಬಿದೆ ಎಂದು ಹೇಳಿಕೊಳ್ಳಲು ನಮಗೆ ಯಾವ ಸಂಕೋಚವೂ ಇಲ್ಲ.

ಮಾವನಿಗೆ ಆಯುಸ್ಸು, ಆರೋಗ್ಯಗಳು ತುಂಬಿ ಬರಲಿ. ಅವರ ಕೈ ನಡುಗದಿರಲಿ, ಕಣ್ಣು ಮಸುಕಾಗದಿರಲಿ. ಮನೆಯ ಪಾತ್ರೆಗಳು ಕ್ಷೇಮವಾಗಿರಲಿ. ದಳ ಅವರನ್ನು ಸಲಹೆಗಾರರಾಗಿ ಉಳಿಸಿಕೊಂಡಿದೆ. ಬೀಳ್ಕೊಡುಗೆಯ ಸಂಜೆ ಮಾವ ತಮ್ಮ ಕುರ್ಚಿಯಿಂದ ಎದ್ದು, ತಮ್ಮ ಹುದ್ದೆಗೆ ನೇಮಕವಾಗಿದ್ದ ಗುರಿಕಾರ್ತಿಯನ್ನು ಅದರಲ್ಲಿ ಕೂರಿಸಿದರು. ಅವಳು ಕಣ್ಣೊರೆಸಿಕೊಂಡು ಗತ್ತಿನಿಂದ ಹೇಳಿದಳು: "ಇನ್ಮೇಲೆ ಇಲ್ಲಿ ಅಧಿಕಾರಿ ನಾನು. ಸೋಮವಾರ ಬೆಳಿಗ್ಗೆ ತಡ ಮಾಡ್ಬೇಡಿ ಮಾವ."

ಯಾರ ಎದುರೂ ತಲೆ ತಗ್ಗಿಸದ ಮಾವ, ಕಣ್ತುಂಬ ನೀರು ತುಂಬಿಕೊಂಡು, ನೆಟ್ಟಗೆ ನಿಂತು ಅವಳಿಗೊಂದು ಸೆಲ್ಯೂಟ್ ಹೊಡೆದರು.

"ಆಗ್ಲಿ ಮೇಡಂ."