ಹೊಗೆಯ ಊಟ

ಗಡಗಡ ಗಡಗಡ. ಬೆಳಗಾಯಿತೆಂದರೆ ಕಾಂಕ್ರೀಟು ಕಲಸುವ ಯಂತ್ರ ತಿರುಗತೊಡಗುತ್ತದೆ. ಕೂಕಟ್‌ಪಲ್ಲಿಯ ತಗಡಿನ ಖೋಲಿಗಳ ಸಾಲೊಂದರ ಹಿಂದೆ ಒಂದು ಅಪಾರ್ಟ್‌ಮೆಂಟ್ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಪಾಯ ತೋಡಿರುತ್ತಾರೆ. ಕಂಪ್ಯೂಟರ್ ಕೆಲಸಕ್ಕೆ ಬಂದವರಿಗೆಲ್ಲ ಮನೆ ಬೇಕಲ್ಲ. ಆ ಸಾಲಿನ ಒಂದು ಖೋಲಿಯಲ್ಲಿರುವ ಗದಿಗೆಮ್ಮನಿಗೆ ಸದ್ದಿನಿಂದ ತೊಂದರೆಯಿಲ್ಲ. ಅದು ನಡುಮಧ್ಯಾಹ್ನ ಗಪ್ಪನೆ ನಿಂತರೆ ಮಾತ್ರ ಅವಳ ಕೈಯ ಕಸಬರಿಗೆಯೂ ನಿಲ್ಲುತ್ತದೆ.

ಅವಳ ಗಂಡ ಗೊಲ್ಲಾಳಪ್ಪ ಮಾಧಾಪುರದ ಕಟ್ಟಡದಿಂದ ಬಿದ್ದ ದಿನ ಅಲ್ಲಿಯ ಯಂತ್ರ ಹೀಗೇ ನಿಂತಿತ್ತಂತೆ. ಸುದ್ದಿ ಮುಟ್ಟಿ ಮರುದಿನ ಅವಳು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮತ್ತೆ ತಿರುಗುತ್ತಿತ್ತು. ಗುತ್ತಿಗೆದಾರ ಹೆಣವನ್ನು ಮಣ್ಣು ಮಾಡಿಸಿ ಮುಗಿಸಿದ್ದ. ಎಲ್ಲಿ ಎಂದು ಕೇಳಿದರೆ ಒಬ್ಬ ಈ ಕಡೆ ಕೈ ತೋರಿಸಿದ, ಇನ್ನೊಬ್ಬ ಆ ಕಡೆ. ಮೂರನೆಯ ದಿನ ಗೋರಿಯ ಮೇಲೆ ಎಡೆ ಇಟ್ಟು, ಕಾಗೆ ಮುಟ್ಟುವುದನ್ನು ಕಾಯಬೇಕು. ಗದಿಗೆಮ್ಮ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಿಸಿಲಿಡೀ ಅಲೆದಳು. ಕತ್ತಲಾಗುವ ಹೊತ್ತಿಗೆ ಬುತ್ತಿಯನ್ನು ಬಿಚ್ಚದೆಯೇ ಮನೆಗೆ ತಂದಳು. ಅಂದಿನಿಂದ ಅಪಾರ್ಟ್‌ಮೆಂಟುಗಳ ಮೆಟ್ಟಿಲು ಗುಡಿಸುತ್ತ ಒಬ್ಬಳೇ ಇದ್ದಾಳೆ.

ಪ್ರತಿ ಚಳಿಗಾಲಕ್ಕೆ ಪಕ್ಕದ ಖೋಲಿಗೆ ಸ್ವೆಟರ್ ಮಾರುವ ಟಿಬೆಟಿನ ಹೆಂಗಸೊಬ್ಬಳು ಮುಂಡಗೋಡಿನಿಂದ ಬರುತ್ತಿದ್ದಳು. ಹೆಸರು ಯಾಂಗ್‌ಜೋಮ್. ಗದಿಗೆಮ್ಮನ ನಾಲಿಗೆ ಅಷ್ಟು ದೂರ ಹೋಗಲಾರದೆ ಅವಳನ್ನು ಯಂಗಮ್ಮನನ್ನಾಗಿ ಮಾಡಿತ್ತು.

“ನೀ ಹುಟ್ಟಿದ್ದು ಹಿಮದ ಗುಡ್ಡದಾಗ ಅಂತಿ. ಬಾಯಿ ನೋಡಿದ್ರ ಹುಬ್ಬಳ್ಳಿ ಬಜಾರದಾಗ ಜಗಳಾಡೋರಂಗೈತಿ.”

“ಮುಂಡಗೋಡ ಸಂತ್ಯಾಗ ಮೆಣಸಿನಕಾಯಿ ಚೌಕಾಶಿ ಮಾಡಿ ಕಲ್ತೀನಿ, ಅಕ್ಕಾ. ಅಲ್ಲಿ ಬಾಯಿ ಇಲ್ದೋರಿಗೆ ಬರೇ ತೊಟ್ಟು ಕೊಡ್ತಾರ.”

ಯಾಂಗ್‌ಜೋಮ್ ಸಣ್ಣವಳಿದ್ದಾಗ ಸೋದರಮಾವನ ಬೆನ್ನ ಮೇಲೆ ಗುಡ್ಡ ದಾಟಿ ಬಂದವಳು. ಹಲ್ಲು ಮೂಡದ ತಮ್ಮ ತಾಯಿಯ ಮಡಿಲಲ್ಲಿ ಅಲ್ಲಿಯೇ ಉಳಿದ. ಮುಂದೆ ಅವನು ಅವಳಿಗೆ ಫೋನಿನೊಳಗಿನ ದನಿಯಾಗಿಯೇ ಬೆಳೆದ. ಒಂದು ವರ್ಷ ಟಿಬೆಟಿನಲ್ಲಿ ಗಲಾಟೆಯಾದಾಗ, ತಮ್ಮ ಧರ್ಮಗುರುಗಳ ಫೋಟೋ ಹಿಡಿದು ಬೀದಿಯಲ್ಲಿ ಕೂಗಿದನೆಂದು ಅಲ್ಲಿಯ ಸರಕಾರದವರು ಅವನನ್ನು ಎಳೆದೊಯ್ದರು. ದನಿ ನಿಂತಿತು. ಸ್ವೆಟರಿನ ಸುಗ್ಗಿ ಮುಗಿಯುತ್ತಿದ್ದ ಜನವರಿಯಲ್ಲಿ ಯಾರದೋ ಬಾಯಿಂದ ಸುದ್ದಿ ಬಂತು: ಜೈಲಿನಲ್ಲಿ ತೀರಿಕೊಂಡನಂತೆ. ಹೆಣವನ್ನು ಮನೆಗೆ ಕೊಡಲಿಲ್ಲವಂತೆ.

“ಫೋಟೋ ಹಿಡ್ಕೊಂಡಿದ್ದಕ್ಕನ?” ಎಂದಳು ಗದಿಗೆಮ್ಮ. ತನ್ನ ಗೋಡೆಯ ಮೇಲಿನ ಮಠದ ಗುರು ಗವಿಸಿದ್ಧಪ್ಪಜ್ಜನ ಪಟ ನೆನಪಾಯಿತು.

“ನಮ್ಮ ಗುರುವನ್ನ ನಾವು ನೆನೆಯೋದು ಅವರ ಕಣ್ಣಾಗ ಕಳವು, ಅಕ್ಕಾ.”

ಸತ್ತ ಮನೆಯಲ್ಲಿ ಒಲೆ ಹೊತ್ತಿಸಬಾರದು. ನೆರೆಯವರು ಬುತ್ತಿ ತಂದು ಉಣ್ಣಿಸಬೇಕು. ಮರುದಿನ ಸಂಜೆ ಗದಿಗೆಮ್ಮ ನುಚ್ಚು, ಮಜ್ಜಿಗೆ, ಒಂದು ಚೊಂಬು ನೀರು ಹಿಡಿದು ಹೋದಳು. ಹೊಸ್ತಿಲ ಹೊರಗೆ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡವಿತ್ತು. ಅದರ ಮೇಲೆ ಹಿಟ್ಟು, ತುಪ್ಪ ಸುಟ್ಟು ಹೊಗೆಯಾಡುತ್ತಿತ್ತು. ದುಃಖದಲ್ಲಿ ಏನೋ ಕೆಂಡದ ಮೇಲಿಟ್ಟು ಮರೆತಿದ್ದಾಳೆ, ಪಾಪ, ಎಂದುಕೊಂಡು ಗದಿಗೆಮ್ಮ ಚೊಂಬಿನ ನೀರನ್ನೆಲ್ಲ ಸುರಿದುಬಿಟ್ಟಳು.

ಚುಂಯ್ ಎಂದ ಸದ್ದಿಗೆ ಯಾಂಗ್‌ಜೋಮ್ ಜಪ ಬಿಟ್ಟು ಹೊರಗೆ ಬಂದಳು. ಬೈಯಲಿಲ್ಲ. ಬೋಕಿಯ ಮುಂದೆ ಕುಕ್ಕರಿಸಿದಳು.

“ಅದು ಅವನ ಊಟ, ಅಕ್ಕಾ.”

ಸತ್ತವನಿಗೆ ಬಾಯಿಲ್ಲ, ಸುಟ್ಟ ಹಿಟ್ಟಿನ ವಾಸನೆಯೇ ಅನ್ನ. ಏಳು ವಾರ ಅವನು ದಾರಿಯ ಮೇಲಿರುತ್ತಾನೆ, ಒಂದು ಸಂಜೆ ತಪ್ಪಿದರೂ ಹಸಿದುಕೊಂಡು ನಡೆಯುತ್ತಾನೆ ಎಂದು ಅವಳು ಹೇಳಿದಳು. ಗದಿಗೆಮ್ಮ ಖಾಲಿ ಚೊಂಬನ್ನು ಕೆಳಗಿಟ್ಟಳು.

“ಅಂವನ್ನ ಎಲ್ಲಿ ಮಣ್ಣು ಮಾಡ್ಯಾರ ಅಂತ ಗೊತ್ತಿಲ್ಲದಿದ್ರ?”

“ಗೊತ್ತಿರಬೇಕಂತಿಲ್ಲ. ಹೆಸರು ಹಿಡಿದು ಕರೆದ್ರ ಸಾಕು, ಬರ್ತಾನ.”

ಗದಿಗೆಮ್ಮ ಬೋಕಿಯ ನೀರು ಚೆಲ್ಲಿದಳು. ಆಮೇಲೆ ತನ್ನ ಒಲೆಯಿಂದ ಕೆಂಡ ತಂದಳು, ಡಬ್ಬಿಯಿಂದ ಒಂದು ಹಿಡಿ ಹಿಟ್ಟು ತಂದಳು. “ಜ್ವಾಳದ್ದು. ನಡೀತೈತೇನ?”

“ನಡೀತೈತಿ. ಅಂವ ಯಾವತ್ತೂ ತಿಂದಿಲ್ಲ. ಅಕ್ಕ ಇರೋ ಊರಿನ ರುಚಿ ನೋಡ್ಲಿ,” ಎಂದು ನಗಲು ಹೋದ ಯಾಂಗ್‌ಜೋಮ್, ಅಲ್ಲಿಯೇ ಗೋಡೆಗೆ ಹಣೆ ಹಚ್ಚಿದಳು.

ಅಂದಿನಿಂದ ಪ್ರತಿ ಸಂಜೆ ಇಬ್ಬರೂ ಬೋಕಿಯ ಮುಂದೆ ಕೂತರು. ಮೂರನೆಯ ವಾರ ಸ್ವೆಟರ್ ಮಾರುವ ಟಿಬೆಟಿನವರೆಲ್ಲ ಬಯಲಿನ ತಮ್ಮ ಅಂಗಡಿಗಳಿಗೆ ಪರದೆ ಎಳೆದು, ಗಲಾಟೆಯಲ್ಲಿ ಸತ್ತವರ ಫೋಟೋ ಎದೆಗಿಟ್ಟುಕೊಂಡು ರಸ್ತೆಯ ಬದಿ ಸುಮ್ಮನೆ ಕೂತರು. ಕೆಲಸ ಮುಗಿಸಿ ಬಂದ ಗದಿಗೆಮ್ಮ ಯಾಂಗ್‌ಜೋಮಳ ಮಗ್ಗುಲಿಗೆ ಕೂತಳು. ಘೋಷಣೆ ಇಲ್ಲ, ಭಾಷಣವಿಲ್ಲ. ಕಂಪನಿಯ ಬಸ್ಸುಗಳು ಹೋದವು, ಬಂದವು. ಪೊಲೀಸನೊಬ್ಬ ಬಂದು, ಎಲ್ಲಿರುತ್ತೀರಿ ಎಂದು ಕೇಳಿ ಹೋದ.

ಮರುದಿನವೇ ಖೋಲಿಗಳ ಧಣಿ ದತ್ತಾತ್ರೇಯ ಬಂದ. ಹುಮನಾಬಾದ ಕಡೆಯವನು, ಬಟ್ಟೆ ವ್ಯಾಪಾರಿ. ಕೆಟ್ಟವನಲ್ಲ, ಅಂಜುಬುರುಕ. “ನನಗೂ ಮರುಕ ಐತಿ, ತಾಯಿ. ಆದ್ರ ಪೊಲೀಸರು ಬಂದು ಅಂಗಡ್ಯಾಗ ಕುಂತ್ರ ಗಿರಾಕಿ ಬರ್ತಾರೇನು? ಖೋಲಿ ಬಿಡು.”

ಯಾಂಗ್‌ಜೋಮ್ ಗಂಟು ಕಟ್ಟಿದಳು. ದಿಲ್ಲಿಯ ಬೀದಿಯಲ್ಲಿ ಅವಳ ಜನ ಉಪವಾಸ ಕೂತಿದ್ದರು. ಅವಳು ಅಲ್ಲಿಗೇ ಹೊರಟಳು. ರೈಲಿನಲ್ಲಿ ಕೆಂಡ ಹೊತ್ತಿಸುವಂತಿಲ್ಲ, ಆ ಬೀದಿಯಲ್ಲಿಯೂ ಇಲ್ಲ. ಬಾಗಿಲಲ್ಲಿ ನಿಂತು ಅವಳು ಬೋಕಿಯನ್ನೇ ನೋಡಿದಳು.

“ನೀ ಹೋಗು,” ಎಂದಳು ಗದಿಗೆಮ್ಮ. “ಏಳು ವಾರ ತುಂಬೋತನ ನಿನ್ನ ತಮ್ಮ ಉಪವಾಸ ಇರಂಗಿಲ್ಲ. ಹೆಸರು ಹೇಳಿ ಹೋಗು.”

ಹೆಸರು ಲೋಬ್ಸಾಂಗ್. ಅದು ಯಾರೋ ಪರದೇಶದವನ ಹೆಸರಾಗಬಾರದು, ಕರೆದರೆ ಅವನಿಗೆ ಕೇಳಬೇಕು ಎಂದು ಗದಿಗೆಮ್ಮ ಕಸ ಗುಡಿಸುತ್ತ ಮೆಟ್ಟಿಲು ಮೆಟ್ಟಿಲಿಗೂ ಅಂದು ಅಂದು ನಾಲಿಗೆ ತಿದ್ದಿಕೊಂಡಳು.

ಸಂಜೆ ಅವಳು ಬೋಕಿಗೆ ಕೆಂಡ ತುಂಬುವಾಗ ದತ್ತಾತ್ರೇಯ ಮತ್ತೆ ಬಂದ.

“ಆಕಿ ಹೋದ್ಲು, ಹೊಗಿ ಹೋಗ್ಲಿಲ್ಲೇನ? ಇಲ್ಲಿ ಇದೆಲ್ಲ ಬ್ಯಾಡ, ಗದಿಗೆಮ್ಮ. ನಿನಗೂ ಖೋಲಿ ಬಿಡು ಅನ್ನಬೇಕಾಗ್ತೈತಿ.”

“ಇಲ್ಲಿ ಮಾಡಂಗಿಲ್ರಿ, ಧಣೇರ. ಸ್ವೆಟರಿನವರು ಹೋಗಿ ಅವರ ಬಯಲು ಖಾಲಿ ಬಿದ್ದೈತಿ, ಅಲ್ಲಿ ಮಾಡ್ತೀನಿ.” ಹಿಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಒಂದು ಹಿಡಿಯಲ್ಲ, ಎರಡು ಹಿಡಿ.

“ಅಲ್ಲಬೇ, ಅಂವ ನಿನ್ನ ಕುಲದಂವಲ್ಲ, ಊರಂವಲ್ಲ. ಒಮ್ಮೆನರೆ ಮಖ ನೋಡೀಯೇನು? ನಿನಗೇನಾಗಬೇಕು ಅಂವ?”

ಹಿಂದಿನ ಯಂತ್ರ ದಿನದ ಕೆಲಸ ಮುಗಿಸಿ ನಿಂತಿತು. ಗದಿಗೆಮ್ಮ ಕಿವಿಗೊಟ್ಟಳು. ಬರೀ ಸಂಜೆ, ಬೇರೇನಿಲ್ಲ. ಬೋಕಿಯ ಕೆಂಡದ ಮೇಲೆ ಆಗಲೇ ಬೂದಿ ಕವಿಯುತ್ತಿತ್ತು. ಅದನ್ನು ಬಟ್ಟೆಯ ಸಿಂಬಿಯ ಮೇಲಿಟ್ಟು ಎತ್ತಿಕೊಂಡು, ಗಾಳಿಗೆ ಸೆರಗು ಅಡ್ಡ ಹಿಡಿದು ನಡೆಯತೊಡಗಿದಳು.

“ಮಖ ನೋಡಿಲ್ಲ ಅಂತನ ರೀ. ನನ್ನ ಗಂಡನ ಮಖಾನೂ ಕಡೀಕ ನಾ ನೋಡ್ಲಿಲ್ಲ. ಇನ್ನೊಂದು ಹಿಡಿ ಅಂವಗ.”