ಹತ್ತೂಮುಕ್ಕಾಲರ ನೀರು

ಉಪಗ್ರಹ ನಮ್ಮೂರ ಮೇಲೆ ಯಾವಾಗ ಹಾದುಹೋಗುತ್ತದೆ ಎಂದು ಯಾರನ್ನಾದರೂ ಕೇಳಬೇಕಾದರೆ ಗಂಗರತ್ನಮ್ಮನವರನ್ನೇ ಕೇಳಬೇಕು. ಐದು ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತೂಮುಕ್ಕಾಲರ ಸುಮಾರಿಗೆ, ಅದು ರಾಜಾನುಕುಂಟೆ ಪಕ್ಕದ ನಮ್ಮ ಹುಲಿಕಟ್ಟೆ ಕೆರೆಯ ಚಿತ್ರ ತೆಗೆದುಕೊಂಡು ಹೋಗುತ್ತದೆ. ಅಷ್ಟು ಹೊತ್ತಿಗೆ ಇವರು ತೆಪ್ಪದಲ್ಲಿ ಕೂತು, ಬಾಟಲಿ ಹಿಡಿದು, ಕೆರೆಯ ಮಧ್ಯೆ ಇರಬೇಕು. ಒಂದು ದಿನ ದಾರಿಯಲ್ಲಿ ಮಾತಿಗೆ ನಿಲ್ಲಿಸಿದ ನನ್ನನ್ನು, "ಬಿಡಪ್ಪ, ಮೇಲ್ಗಡೆ ಅದು ಬತ್ತಾ ಐತೆ" ಎಂದು ಪಕ್ಕಕ್ಕೆ ಸರಿಸಿ ನಡೆದಿದ್ದರು.

ವಯಸ್ಸು ಐವತ್ತೆಂಟು. ತಲೆತಲಾಂತರದಿಂದ ಇದೇ ಕೆರೆಯಲ್ಲಿ ಮೀನು ಹಿಡಿದ ಮನೆತನ. ಆರ್.ಟಿ. ನಗರದ ಒಂದು ಸಣ್ಣ ಸಂಸ್ಥೆಯವರು ಹೋದ ವರ್ಷ ಅವರನ್ನು ಹುಡುಕಿಕೊಂಡು ಬಂದರು. ಉಪಗ್ರಹದ ಚಿತ್ರದಲ್ಲಿ ನೀರಿನ ಬಣ್ಣ ನೋಡಿ ಎಲ್ಲಿ ಎಷ್ಟು ಪಾಚಿಯಿದೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಆ ಲೆಕ್ಕ ನಿಜವೋ ಸುಳ್ಳೋ ಗೊತ್ತಾಗಬೇಕಾದರೆ ಅದೇ ಹೊತ್ತಿಗೆ ಅದೇ ಜಾಗದ ನೀರು ಬೇಕು. ಸಂಸ್ಥೆಯ ಉಮೇಶ ಫೋನಿನ ನಕ್ಷೆಯಲ್ಲಿ ನಾಲ್ಕು ಜಾಗ ಗುರುತು ಮಾಡಿಕೊಟ್ಟ. ಗಂಗರತ್ನಮ್ಮ ಅದನ್ನು ನೋಡಿ ತೆಪ್ಪ ನಡೆಸುವುದನ್ನು ಒಂದೇ ದಿನದಲ್ಲಿ ಕಲಿತರು. ಉಮೇಶ ಮಾತ್ರ ಏರಿಯ ಮೇಲೆ ಕೂತು ಕೈ ಬೀಸುತ್ತಿದ್ದ, ಅವನಿಗೆ ಈಜು ಬರುವುದಿಲ್ಲ.

ಮೂರು ತಿಂಗಳಾದರೂ ಲೆಕ್ಕ ಕೂಡಲಿಲ್ಲ. ಹೊಸ ಲೇಔಟಿನ ಚರಂಡಿ ಬಂದು ಸೇರುವ ಮೂಲೆಯಲ್ಲಿ ಪಾಚಿ ವಿಪರೀತ ಎಂದು ಚಿತ್ರ ಹೇಳುತ್ತಿತ್ತು. ಗಂಗರತ್ನಮ್ಮನವರ ಬಾಟಲಿ ಮಾತ್ರ ಅಲ್ಲಿ ನೀರು ಚೆನ್ನಾಗಿದೆ ಎನ್ನುತ್ತಿತ್ತು. ಕೊನೆಗೆ ಉಮೇಶ ಒಂದು ಬೆಳಿಗ್ಗೆ ಬಂದು, ನೆಲ ನೋಡುತ್ತಾ ಕೇಳಿದ. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಿಜವಾಗ್ಲೂ ಆ ಸ್ಪಾಟ್‌ಗೇ ಹೋಗ್ತಿದ್ದೀರಾ? ಇಲ್ಲಾ ಎಲ್ಲಾದ್ರೂ ನಲ್ಲೀಲಿ..."

ನಾನು ಅಲ್ಲೇ ಇದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಹೆಂಗಸು ಜ್ವರ ಬಂದ ದಿನವೂ ತೆಪ್ಪ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಮಾತ್ರ ಜಗಳಕ್ಕೆ ಇಳಿಯಲಿಲ್ಲ. "ಇವತ್ತು ಅದು ಬರೋ ದಿನಾನೇಯ. ಬಾ, ತೆಪ್ಪದಾಗೆ ಕೂತ್ಕ, ನೀನೇ ನೋಡೀವಂತೆ" ಎಂದರು. ಉಮೇಶ ಜೀವ ಕೈಯಲ್ಲಿ ಹಿಡಿದು ಹತ್ತಿದ. ಅವನಿಗೆ ಧೈರ್ಯಕ್ಕೆಂದು ನಾನೂ ಹತ್ತಿದೆ.

ಆ ಮೂಲೆಯಲ್ಲಿ ನೀರಿನ ಮೇಲೆ ಹಸಿರು ಪಾಚಿ ಹಾಲಿನ ಕೆನೆಯ ಹಾಗೆ ದಪ್ಪಗೆ ಕಟ್ಟಿತ್ತು. ಸರಿಯಾದ ಹೊತ್ತಿಗೆ ಗಂಗರತ್ನಮ್ಮ ಬಾಟಲಿಯ ತಳದಿಂದ ಪಾಚಿಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಳ್ಳಿದರು. ತಿಳಿನೀರು ಕಂಡ ಮೇಲೆ ಮೊಣಕೈವರೆಗೆ ಕೈ ಇಳಿಸಿ, ತುಂಬಿ, ಮುಚ್ಚಳ ಹಾಕಿದರು.

ಉಮೇಶ ಭಯ ಮರೆತು ಎದ್ದು ನಿಲ್ಲಲು ಹೋದ. "ಅಕ್ಕಾ, ಅದ್ಯಾಕೆ ಹಂಗೆ ತಳ್ಳಿದ್ರಿ?"

"ಕೂತ್ಕಳಪ್ಪ, ಮಗುಚ್ಕತದೆ. ತಳ್ದೆ ಯಾರಾನ ನೀರು ತುಂಬ್ಕತಾರಾ?"

"ಯಾವಾಗ್ಲೂ ಹಿಂಗೇನಾ?"

"ನಮ್ಮವ್ವ ಕೈಗೆ ಬಿಂದ್ಗೆ ಕೊಟ್ಟಾಗ್ನಿಂದ ಇಂಗೇಯ."

ಕೆರೆ ನೀರು ಕುಡಿದು ಬೆಳೆದ ಊರಿನಲ್ಲಿ ಹೆಣ್ಣುಮಕ್ಕಳಿಗೆ ಮೊದಲು ಕಲಿಸುತ್ತಿದ್ದದ್ದೇ ಅದು: ಮೇಲಿನ ಕಸ ಸರಿಸಿ ಬಿಂದಿಗೆ ಮುಳುಗಿಸಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೈ ತಾನಾಗಿ ಮಾಡುತ್ತದೆ. ಉಮೇಶ ನಲ್ಲಿ ನೀರಿನಲ್ಲಿ ಬೆಳೆದವನು. ತಳ್ಳಬೇಡಿ ಎಂದು ಹೇಳಬೇಕೆಂಬುದು ಅವನಿಗೆ ಹೇಗೆ ಹೊಳೆಯಬೇಕು?

"ಸ್ಯಾಟಲೈಟ್ ನೋಡೋದು ಮೇಲಿರೋ ಪಾಚೀನ, ಅಕ್ಕಾ. ನೀವು ಅದನ್ನೇ ಸರಿಸಿಬಿಟ್ರೆ..."

"ಅದು ಕಂಡಿದ್ದೇ ಒಂದು, ನಾನ್ ಕೊಟ್ಟಿದ್ದೇ ಒಂದು." ಗಂಗರತ್ನಮ್ಮ ತಕ್ಷಣ ಹಿಡಿದುಬಿಟ್ಟರು. "ಕೊಡು ಇನ್ನೊಂದು ಬಾಟ್ಲಿ." ಈ ಸಲ ತಳ್ಳದೆ, ಮುಖ ಕಿವುಚಿಕೊಂಡು, ಪಾಚಿಯ ಸಮೇತ ತುಂಬಿದರು. ಉಮೇಶ ದಡ ಸೇರುವವರೆಗೂ ಸಾರಿ ಕೇಳುತ್ತಲೇ ಇದ್ದ.

ವಾರದೊಳಗೆ ಸಂಸ್ಥೆಯ ಮುಖ್ಯಸ್ಥೆ ಶಾಂತಲಾ ಫೋನ್ ಮಾಡಿದರು. ಗಂಗರತ್ನಮ್ಮ ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಎರಡನೆಯ ಬಾಟಲಿಯ ಲೆಕ್ಕ ಚಿತ್ರಕ್ಕೆ ಸರಿಯಾಗಿ ತಾಳೆಯಾಗಿತ್ತು. "ಇನ್ಮೇಲೆ ಹೀಗೇ ತಗೊಳ್ಳಿ ಅಮ್ಮ. ಹಳೇ ಮೂರು ತಿಂಗಳದ್ದು ತಪ್ಪಾಗಿದೆ, ಅಳಿಸಿಬಿಡ್ತೀವಿ" ಎಂದರು ಶಾಂತಲಾ.

"ಅಳಿಸ್ಬ್ಯಾಡಿ ಮೇಡಮ್ಮೋರೆ. ತಪ್ಪು ಅಂತ ಯಾಕಂತೀರಿ? ಮೊಣಕೈ ಆಳದ ನೀರು ಅಂತ ಬರ್ಕಳಿ. ಮೀನಿರೋದು ಆ ನೀರ್ನಾಗೆ. ಮೇಲ್ಗಡೆ ಕೆಟ್ಟೈತೆ, ಕೆಳ್ಗಡೆ ಇನ್ನೂ ಕೆಟ್ಟಿಲ್ಲ. ಆ ಚರಂಡಿ ಈಗ್ಲೇ ತಿರುಗ್ಸುದ್ರೆ ಕೆರೆ ಉಳ್ಕತದೆ. ಇದು ನಿಮ್ ಚಿತ್ರದಾಗೆ ಕಾಣ್ತದಾ?"

"ಇಲ್ಲ ಅಮ್ಮ, ಕಾಣಲ್ಲ. ಎರಡೂ ಥರದ ನೀರು ತನ್ನಿ. ವರದೀಲಿ ಆ ಮೂರು ತಿಂಗಳದ್ದೂ ನಿಮ್ಮ ಹೆಸರಲ್ಲೇ ಹಾಕ್ತೀನಿ" ಎಂದರು ಶಾಂತಲಾ.

"ನನ್ನೆಸ್ರಲ್ಲೇ ಆಕಿ" ಎಂದರು ಗಂಗರತ್ನಮ್ಮ. ಆಮೇಲೆ ಫೋನನ್ನು ಬಾಯಿಗೆ ಇನ್ನೂ ಹತ್ತಿರ ತಂದರು. "ನಾನು ಒಂದಿನಾನೂ ಬೇರೆ ನೀರು ಕೊಟ್ಟಿಲ್ಲ, ಮೇಡಮ್ಮೋರೆ."