ಅತ್ತೆಯ ಬೆನ್ನು, ನೆಲವಿನ ಬೆಣ್ಣೆ

ಆಗ ನನಗೆ ಮೂವತ್ತೆಂಟು. ಮೂವತ್ತು ವರ್ಷದ ಹಿಂದಿನ ಮಾತು. ಈಗಲೂ ಹರಳೆಣ್ಣೆ ಕಾಯಿಸಿದ ವಾಸನೆ ಬಂದರೆ ಕ್ಯಾತನಹಳ್ಳಿಯ ನಮ್ಮ ಹಳೇ ಹಂಚಿನ ಮನೆ, ಅದರ ಅಡುಗೆಕೋಣೆ, ಅಲ್ಲಿ ಬೋರಲಾಗಿ ಮಲಗಿದ ನಮ್ಮತ್ತೆಯ ಬೆನ್ನು ಕಣ್ಣ ಮುಂದೆ ಬರುತ್ತವೆ. ಆ ಕೋಣೆಯ ತೊಲೆಯಿಂದ, ಬೆಕ್ಕಿಗೆ ಎಟುಕದಂತೆ, ಹಗ್ಗದ ನೆಲವು ತೂಗುತ್ತಿತ್ತು, ಅದರೊಳಗೆ ಬೆಣ್ಣೆ ಗಡಿಗೆ. ಅದಕ್ಕೆ ಕೈ ಹಾಕುವವಳು ಅತ್ತೆ ಒಬ್ಬಳೇ. ನಾನು ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಕೇಳಿಯೇ ತಿನ್ನಬೇಕಿತ್ತು. ನಿಮ್ಮ ಮನೆಗಳಲ್ಲೂ ಅಂಥವಳೊಬ್ಬಳು ಇದ್ದಿರಬೇಕು. ಆದರೆ ಒಂದೆರಡು ವರ್ಷದಿಂದ ಅವಳು ಕುಗ್ಗುತ್ತಿದ್ದಳು. ಸೀರೆಯ ನೆರಿಗೆ ನೆಲ ಗುಡಿಸುತ್ತಿತ್ತು. ಗಡಿಗೆ ಇಳಿಸಲು ತುದಿಗಾಲಲ್ಲಿ ನಿಲ್ಲುತ್ತಿದ್ದಳು. ವಯಸ್ಸಾಯಿತು ಅಂದುಕೊಂಡೆವು, ಅಷ್ಟೆ.

ಒಂದು ದಿನ ಎಮ್ಮೆಗೆಂದು ಕಬ್ಬಿನ ಸೋಗೆಯ ಹೊರೆ ಎತ್ತುವಾಗ ಬೆನ್ನು ಹಿಡಿದುಕೊಂಡು ಕೂತುಬಿಟ್ಟಳು. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತುಳಿದರೆ ಬೆನ್ನಿನ ಉಳುಕು ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ಅರ್ಧ ಊರು ನನ್ನ ಮುಂದೆ ಬೆನ್ನು ಹಾಸಿತ್ತು. ಆದರೆ ಅತ್ತೆಯ ಮೈಗೆ ಕಾಲು ತಾಗಿಸುವುದುಂಟೆ?

“ಬ್ಯಾಡ ಕಣತ್ತೆ, ಪಾಪ ಬತ್ತದೆ,” ಅಂದೆ.

“ಊರೋರ್ನೆಲ್ಲ ತುಳ್ದಿದ್ದೀಯ, ನಂದೊಂದಕ್ಕೇ ಪಾಪ ಬತ್ತದಾ? ತುಳಿಯಮ್ಮಿ ಸುಮ್ಕೆ.”

ಹರಳೆಣ್ಣೆ ಕಾಯಿಸಿ ಬೆನ್ನಿಗೆ ಹಚ್ಚಿ, ಬಲಗಾಲಿಟ್ಟು ಭಾರ ಬಿಟ್ಟೆ. ಒಣಗಿದ ಕಡ್ಡಿ ಮುರಿದಂತೆ ಏನೋ ಪಾದಕ್ಕೆ ತಿಳಿಯಿತು. ಅವಳು ಕೂಗಲಿಲ್ಲ. ಚಾಪೆಯ ಅಂಚು ಬಿಗಿಹಿಡಿದಳು.

ಮೂರು ದಿನ ಏಳಲಾಗಲಿಲ್ಲ. ನಾಲ್ಕನೆಯ ದಿನ ಪಾಂಡವಪುರಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, “ಮೂಳೆ ಟೊಳ್ಳಾಗಿದೆ. ಬೆನ್ನಿನ ಒಂದು ಮೂಳೆ ಯಾವತ್ತೋ ಕುಸಿದಿದೆ, ಅದರ ಮೇಲಿನದು ಈಗ ಕುಸಿದಿದೆ. ಇನ್ನು ಭಾರ ಎತ್ತಬಾರದು, ಬಗ್ಗಬಾರದು. ಯಾರಾದರೂ ತುಳಿದರಾ?” ಅಂದರು. ನಾನು ಬಲಗಾಲನ್ನು ಸೀರೆಯೊಳಗೆ ಎಳೆದುಕೊಂಡೆ.

“ಯಾರ್ ತುಳೀತಾರೆ ಸ್ವಾಮಿ, ಬಚ್ಚಲಲ್ಲಿ ಜಾರ್ದೆ,” ಅಂದಳು ಅತ್ತೆ.

ಬಸ್ಸಿನಲ್ಲಿ ನಾನು ಸೆರಗಿನಿಂದ ಮೂಗು ಒರೆಸುವುದನ್ನು ನೋಡಿ, “ಸಾಕು ಬುಡಮ್ಮಿ. ನಾನೇಳಿದ್ ಕೆಲ್ಸ ನೀನು ಮನ್ಸಿಟ್ಟು ಮಾಡಿದ್ದು ಅದೊಂದೇಯ,” ಅಂದಳು. ನಗು ಬಂತು. ಆಮೇಲೆ ಅವಳು ಕಿಟಕಿ ಕಡೆ ತಿರುಗಿ, “ಇನ್ ನೆಲವು ಎಟುಕಾಕಿಲ್ಲ ಕಣೆ. ಬೆಣ್ಣೆ ನೀನೇ ನೋಡ್ಕೊ,” ಅಂದಳು. ನೋವಿಗೂ ಸಣ್ಣದಾಗದಿದ್ದ ದನಿ ಆ ಮಾತಿಗೆ ಸಣ್ಣದಾಯಿತು.

ಅವಳು ಇನ್ನೂ ಏಳು ವರ್ಷ ಬದುಕಿದಳು, ಮತ್ತಷ್ಟು ಬಾಗಿದಳು. ನಾನು ಇನ್ನೊಬ್ಬರ ಬೆನ್ನಿಗೆ ಕಾಲಿಡಲಿಲ್ಲ. ಈಗ ಅವಳಿಲ್ಲ, ಎಮ್ಮೆಯಿಲ್ಲ, ಹಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ. ನೆಲವು ಕಟ್ಟೋಣವೆಂದರೆ ತೊಲೆಯೂ ಇಲ್ಲ.

ಪಾಂಡವಪುರದಿಂದ ಬಂದ ಮಾರನೆಯ ಬೆಳಿಗ್ಗೆ, ಅತ್ತೆ ಏಳುವ ಮೊದಲೇ ನಾನು ಒರಳಿನ ಮೇಲೆ ಹತ್ತಿ ನಿಂತೆ. ಬೆಕ್ಕಿಗೆ ಎಟುಕಿದರೆ ಎಟುಕಲಿ ಎಂದುಕೊಂಡು, ನೆಲವಿನ ಗಂಟು ಬಿಚ್ಚಿ, ಒಂದು ಗೇಣು ಇಳಿಸಿ ಕಟ್ಟಿದೆ.